ಜೊತೆಯಲ್ಲಿ ಬರುವವರು

ಮೊನ್ನೆ ಸಂಜೆ ಮೂಡುಬಿದಿರೆಯ ಬಸ್ ನಿಲ್ದಾಣದ ಹತ್ತಿರ ಗೋಬಿ ಮಂಚೂರಿ ಗಾಡಿಯವನ ಕೈಯಿಂದ ವಿನೆಗರ್ ಬಾಟಲಿ ಜಾರಿ ಒಡೆಯಿತು. ಮಳೆ ಆಗಷ್ಟೇ ಬಿಟ್ಟಿತ್ತು. ಒದ್ದೆ ಸಿಮೆಂಟಿನ ಮೇಲೆ ಹರಡಿದ ಆ ಕಟು ಹುಳಿ ವಾಸನೆಗೆ ಸುತ್ತ ನಿಂತವರೆಲ್ಲ ಮೂಗು ಮುಚ್ಚಿಕೊಂಡು ದೂರ ಸರಿದರು. ನಾನು ಮಾತ್ರ ಪುತ್ತಿಗೆಯ ಬಸ್ಸು ಬಂದು ಹೋದದ್ದೂ ತಿಳಿಯದೆ ನಿಂತುಬಿಟ್ಟೆ. ಡಯಾಲಿಸಿಸ್ ಯಂತ್ರಗಳನ್ನು ತೊಳೆಯುವ ದ್ರಾವಣದ್ದೂ ಹೆಚ್ಚುಕಡಿಮೆ ಇದೇ ವಾಸನೆ. ಬಂಟ್ವಾಳದ ನಮ್ಮ ಕೇಂದ್ರದಲ್ಲಿ ಬೆಳಿಗ್ಗೆ ಬಾಗಿಲು ತೆರೆದವರನ್ನು ಮೊದಲು ಎದುರುಗೊಳ್ಳುತ್ತಿದ್ದದ್ದು ಅದು. ಆಮೇಲೆ ರೋಗಿಗಳು, ಆಮೇಲೆ ಅವರ ಮಾತು. ನಾನು ಅಲ್ಲಿ ಕಳೆದದ್ದು ಒಂದೇ ಒಂದು ಮಳೆಗಾಲ. ಆದರೆ ನನ್ನ ಕೆಲಸದ ಇಷ್ಟು ವರ್ಷಗಳಲ್ಲಿ ಯಾವುದು ಚೆನ್ನಾಗಿತ್ತು ಎಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಊರುಗಳಲ್ಲಿ ಒಂದು ಟ್ರಸ್ಟು ಡಯಾಲಿಸಿಸ್ ಕೇಂದ್ರಗಳನ್ನು ನಡೆಸುತ್ತಿತ್ತು. ಬಡವರಿಗೆ ಸರ್ಕಾರದ ಯೋಜನೆಯಲ್ಲಿ ಉಚಿತ. ಬಿಸಿಎ ಮುಗಿಸಿದ ನಾನು ಅದರ ಮೂಡುಬಿದಿರೆಯ ಕಚೇರಿಯಲ್ಲಿದ್ದೆ. ಅಲ್ಲಿಯವರೆಗೆ ಮೂರು ಕೇಂದ್ರಗಳದ್ದೂ ಮೂರು ಪ್ರತ್ಯೇಕ ಸಂಸಾರ. ಒಂದರ ರೋಗಿಯ ಕಥೆ ಇನ್ನೊಂದಕ್ಕೆ ಗೊತ್ತಿರಲಿಲ್ಲ. ಆ ವರ್ಷ ಟ್ರಸ್ಟಿನವರು ಮೂರಕ್ಕೂ ಸೇರಿ ಒಂದು ತಂತ್ರಾಂಶ ತಂದರು. ತಂದರು ಅನ್ನುವುದೂ ಸರಿಯಲ್ಲ. ಅದು ನಮ್ಮಲ್ಲಿಗೆ ಬರಲೇ ಇಲ್ಲ. ಕಂಪೆನಿಯವರ ಸರ್ವರಿನಲ್ಲಿ ಎಲ್ಲೋ ಇತ್ತು, ತಿಂಗಳ ಬಾಡಿಗೆ ಕಟ್ಟಿ ನಾವು ಇಲ್ಲಿಂದ ಬಳಸುವುದು. ಇದನ್ನೇ ಕ್ಲೌಡ್ ಅನ್ನುವುದು ಎಂದು ವಿವರಿಸಿದಾಗ, "ಮೋಡದಲ್ಲಿ ಇಟ್ಟರೆ ಮಳೆ ಬಂದಾಗ ಕೆಳಗೆ ಬೀಳುವುದಿಲ್ಲವಾ?" ಎಂದು ಕೇಳದವರು ಆ ಜೂನಿನಲ್ಲಿ ಯಾರೂ ಇರಲಿಲ್ಲ. ಪ್ರತಿಯೊಬ್ಬರೂ ತಾವೇ ಮೊದಲು ಹೇಳಿದ್ದು ಎಂಬಂತೆ ಹೇಳುತ್ತಿದ್ದರು. ನಾನೂ ಮೊದಲ ಸಲ ಕೇಳಿದವಳಂತೆ ನಗುತ್ತಿದ್ದೆ.

ಅದನ್ನು ನೆಲೆ ನಿಲ್ಲಿಸಲು ನನ್ನನ್ನು ಬಂಟ್ವಾಳಕ್ಕೆ ಕಳುಹಿಸಿದರು. ದಿನಾ ಪುತ್ತಿಗೆಯಿಂದ ಮೂಡುಬಿದಿರೆಗೆ ಬಂದು, ಸಿದ್ಧಕಟ್ಟೆ ಮಾರ್ಗವಾಗಿ ಬಂಟ್ವಾಳಕ್ಕೆ. ಕೇಂದ್ರ ಪೇಟೆಯ ತಗ್ಗಿನಲ್ಲಿತ್ತು. ಹಿಂದಿನ ಕಿಟಕಿಯಿಂದ ನೇತ್ರಾವತಿ ಕಾಣುತ್ತಿತ್ತು. ಅಲ್ಲಿಯ ಟೆಕ್ನಿಶಿಯನ್ ಸ್ಟೀವನ್, ಕೊಂಕಣಿ ಮನೆಮಾತಿನ ತೆಳ್ಳಗಿನ ಮನುಷ್ಯ, ನನಗೆ ಮೊದಲ ದಿನವೇ ಒಂದು ಎಚ್ಚರಿಕೆ ಕೊಟ್ಟರು. "ಹರಿಣಾಕ್ಷಿ ಮೇಡಂ, ಬೆಳಗ್ಗಿನ ಪಾಳಿಯಲ್ಲಿ ಮಾಣಿಯ ಟೀಮ್ ಒಂದು ಉಂಟು. ಅವರು ಬಂದರೆ ನಿಮಗೆ ಕಂಪ್ಯೂಟರ್ ನೋಡ್ಲಿಕ್ಕೆ ಪುರುಸೊತ್ತು ಸಿಗ್ಲಿಕ್ಕಿಲ್ಲ."

ಮಾಣಿ ಎಂಬ ಊರಿನಿಂದ ಒಂದೇ ಗಾಡಿಯಲ್ಲಿ ಬರುತ್ತಿದ್ದ ಈ ಟೀಮ್ ಅಂದರೆ ಮೂವರು. ಶೀನಪ್ಪ ರೈಗಳು, ಹಿಂದೆ ಪುಣೆಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದವರು, ದೊಡ್ಡ ದನಿ. ಹಮೀದಾಕ, ಸೌದಿಯ ದಮ್ಮಾಮಿನಲ್ಲಿ ದುಡಿದು ಬಂದು ಮಾಣಿಯಲ್ಲಿ ಚಪ್ಪಲಿ ಅಂಗಡಿ ಇಟ್ಟವರು, ಮೆಲುಮಾತು. ಲಲಿತಕ್ಕ, ಕೊಕ್ಕಡದ ಬೀಡಿ ಕಟ್ಟುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಅತ್ತಿಗೆಯ ಜೊತೆ ಇದ್ದವಳು. ಮೂವರದ್ದೂ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಯಂತ್ರಕ್ಕೆ ಕೈಕೊಟ್ಟು ಮಲಗಬೇಕು. ಲಲಿತಕ್ಕ ಮೊದಲ ಬಸ್ಸಿಗೆ ಹೊರಟು ಉಪ್ಪಿನಂಗಡಿಯಲ್ಲಿ ಬದಲಿಸಿ ಮಾಣಿಗೆ ಬರುವಳು. ಅಲ್ಲಿ ಹಮೀದಾಕರ ಹಳೆಯ ಓಮ್ನಿ ಕಾದಿರುತ್ತಿತ್ತು. ಅವರ ಅಳಿಯ ಲತೀಫ್ ಓಡಿಸುವುದು. ಹಿಂದಿರುಗುವಾಗ ಅದೇ ಓಮ್ನಿ ಲಲಿತಕ್ಕನನ್ನು ಕೊಕ್ಕಡದ ಮನೆ ಬಾಗಿಲವರೆಗೂ ಬಿಟ್ಟು ಬರುತ್ತಿತ್ತು. ಡಯಾಲಿಸಿಸ್ ಆದ ಮೇಲೆ ಮೈಯನ್ನು ಹಿಂಡಿ ಹಾಕಿದಂಥ ಸುಸ್ತು. ಬಸ್ಸಿನಲ್ಲಿ ನಿಂತು ಹೋಗುವ ಸ್ಥಿತಿ ಅಲ್ಲ.

ಮೂವರೂ ಅಕ್ಕಪಕ್ಕದ ಮಂಚ. ಯಂತ್ರ ತಿರುಗುವಷ್ಟು ಹೊತ್ತೂ ತುಳುವಿನಲ್ಲಿ ಪಟ್ಟಾಂಗ, ಮುಗಿಯದ ಹರಟೆ. ಇಲ್ಲಿ ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ನನ್ನ ಕಿವಿಯಲ್ಲಿ ಅದು ತುಳುವೇ. ಮೀನಿನ ಕ್ರಯ, ಕಂಬಳದ ಕೋಣ, ಪುಣೆಯ ಇರಾನಿ ಚಾ, ದಮ್ಮಾಮಿನ ಸೆಕೆ. ಯಾರಿಗಾದರೂ ರಕ್ತದೊತ್ತಡ ಇಳಿದರೆ ನರ್ಸಿಗಿಂತ ಮೊದಲು ಪಕ್ಕದ ಮಂಚದವರಿಗೆ ಗೊತ್ತಾಗುತ್ತಿತ್ತು. ಮಾತು ನಿಂತಿತು ಎಂದರೆ ಏನೋ ಆಗಿದೆ ಎಂದೇ ಅರ್ಥ.

ಜೂನ್ ಕೊನೆಯಲ್ಲಿ ನಾವು ಎಲ್ಲರ ವಿವರ ತುಂಬಿಸಿ ತಂತ್ರಾಂಶವನ್ನು ಚಾಲೂ ಮಾಡಿದೆವು. ರೋಗಿಯ ಪಿನ್‌ಕೋಡ್ ನೋಡಿ ಹತ್ತಿರದ ಕೇಂದ್ರ, ಖಾಲಿ ಇರುವ ಮಂಚ ನೋಡಿ ಪಾಳಿ, ಎಲ್ಲವನ್ನೂ ಅದೇ ಹಂಚಿತು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಹಂಚಿತು. ವರ್ಷದಿಂದ ಕಾಯುತ್ತಿದ್ದ ಕೆಲವರಿಗೆ ಜಾಗ ಸಿಕ್ಕಿತು, ವೇಣೂರಿನಿಂದ ಸುಮ್ಮನೆ ಬಂಟ್ವಾಳದವರೆಗೆ ಬರುತ್ತಿದ್ದವರಿಗೆ ಬೆಳ್ತಂಗಡಿಯಲ್ಲೇ ಆಯಿತು. ಟ್ರಸ್ಟಿನವರು ಸಂತೋಷಪಟ್ಟರು. ಮಾಣಿಯ ಟೀಮ್ ಮಾತ್ರ ಚದುರಿ ಹೋಯಿತು. ಕೊಕ್ಕಡ ಬೆಳ್ತಂಗಡಿ ತಾಲೂಕು, ಹಾಗಾಗಿ ಲಲಿತಕ್ಕ ಬೆಳ್ತಂಗಡಿಗೆ. ಹಮೀದಾಕ ಬೆಳಗ್ಗಿನ ಪಾಳಿಯಲ್ಲೇ ಉಳಿದರು. ರೈಗಳು ಮಧ್ಯಾಹ್ನಕ್ಕೆ.

ರೈಗಳು ಬಂದು ನನ್ನ ಮೇಜಿನ ಮುಂದೆ ನಿಂತರು. "ಇದು ಯಾರು ಮಾಡಿದ್ದು ಮಾರಾಯ್ತಿ?"

"ಕಂಪ್ಯೂಟರೇ ಮಾಡಿದ್ದು ಅಂಕಲ್. ಹತ್ತಿರ ಆಗ್ತದೆ ಅಂತ."

"ಹತ್ತಿರ ಅಂದ್ರೆ ಎಂತ? ನಕ್ಷೆಯಲ್ಲಿ ಹತ್ತಿರ ಇದ್ರೆ ಆಯ್ತಾ?"

ಸ್ವಲ್ಪ ದಿನ ಕಳೆದರೆ ಹೊಂದಿಕೊಳ್ಳುತ್ತಾರೆ ಎಂದು ಭಟ್ಟರು ಹೇಳಿದರು. ಭಟ್ಟರೆಂದರೆ ನಮ್ಮ ಆಡಳಿತಾಧಿಕಾರಿ, ಬ್ಯಾಂಕಿನಿಂದ ನಿವೃತ್ತರಾದವರು, ಸಂಬಳವಿಲ್ಲದೆ ಟ್ರಸ್ಟಿನ ಕೆಲಸ ಮಾಡುತ್ತಿದ್ದವರು.

ಜುಲೈಯಲ್ಲಿ ಮಳೆ ಕಚ್ಚಿ ಹಿಡಿಯಿತು. ಒಂದು ದಿನ ಪರದೆಯ ಮೇಲೆ ಲಲಿತಕ್ಕನ ಹೆಸರು ಕೆಂಪಾಗಿ ಕಾಣಿಸಿತು. ಬೆಳ್ತಂಗಡಿಗೆ ಗೈರು. ಫೋನ್ ಮಾಡಿದೆ. "ಮಳೆ ಅಲ್ವಾ ಮಗಾ, ನಾಡಿದ್ದು ಬರ್ತೇನೆ" ಎಂದಳು. ನಾಡಿದ್ದೂ ಕೆಂಪು. ಮತ್ತೆ ಫೋನ್ ಮಾಡಿದರೆ ಅತ್ತಿಗೆ ಎತ್ತಿ, ಮಲಗಿದ್ದಾಳೆ ಎಂದರು. ನಾನು ಇದನ್ನು ಸ್ಟೀವನ್‌ಗೆ ಹೇಳುತ್ತಿರುವಾಗ ಯಂತ್ರದಿಂದ ಇಳಿದು ತೋಳಿನ ಪಟ್ಟಿ ಒತ್ತಿಕೊಂಡು ಕೂತಿದ್ದ ಹಮೀದಾಕ ಕೇಳಿಸಿಕೊಂಡರು. ಎರಡು ಸಲ ತಪ್ಪಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೀರು ಮೈಯಲ್ಲೇ ನಿಲ್ಲುತ್ತದೆ, ಕಾಲಿನಿಂದ ಎದೆಗೆ ಏರುತ್ತದೆ.

"ಲತೀಫ್, ಗಾಡಿ ತೆಗಿ" ಎಂದರು. ನನ್ನ ಕಡೆ ತಿರುಗಿ, "ನೀವೂ ಬನ್ನಿ ಮೇಡಂ. ನಾವು ಕರೆದರೆ ಬರ್ಲಿಕ್ಕಿಲ್ಲ. ಆಸ್ಪತ್ರೆಯವರು ಕರೆದರೆ ಬಂದಾಳು."

ಹೋಗುವ ದಾರಿಯಲ್ಲಿ ಮಾಣಿಯಲ್ಲಿ ರೈಗಳೂ ಹತ್ತಿದರು. ಅವರಿಗೆ ಆ ದಿನ ಪಾಳಿ ಇರಲಿಲ್ಲ. ಉಪ್ಪಿನಂಗಡಿ ದಾಟುವಾಗ ಎದುರಿನ ಗಾಜಿನಲ್ಲಿ ನೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕೊಕ್ಕಡದಲ್ಲಿ ಮಾರ್ಗದಿಂದ ಸ್ವಲ್ಪ ಒಳಗೆ, ರಬ್ಬರ್ ಮರಗಳ ನಡುವೆ ಅವಳ ಮನೆ. ಲಲಿತಕ್ಕ ಗೋಡೆಗೆ ಒರಗಿ ಕೂತಿದ್ದಳು, ಮಲಗಿದರೆ ಉಸಿರು ಕಟ್ಟುತ್ತದೆ ಎಂದು. ಮುಖ ಊದಿಕೊಂಡಿತ್ತು. ನಮ್ಮನ್ನು ನೋಡಿದ್ದೇ ಸೆರಗು ಸರಿಮಾಡಿಕೊಂಡು, "ಅತ್ತಿಗೇ, ಚಾ ಇಡು" ಎಂದಳು.

"ಚಾ ಬೇಡ. ಬೆಳ್ತಂಗಡಿಗೆ ಯಾಕೆ ಹೋಗ್ಲಿಲ್ಲ, ಅದು ಹೇಳು" ಎಂದು ರೈಗಳು ಗದರಿದರು.

"ಹೋಗಿದ್ದೆ. ಅಲ್ಲಿಯವರು ಒಳ್ಳೆಯವರೇ. ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ತಲೆ ತಿರುಗಿ ಬಿದ್ದೆ ಅಣ್ಣ. ಎದ್ದು ನೋಡುವಾಗ ಸುತ್ತ ಜನ ನಿಂತಿದ್ರು. ಒಬ್ಬ, ಹಗಲಿಗೇ ಕುಡಿದುಕೊಂಡು ಬಂದಿದ್ದಾಳೆ ಅಂದ. ನನ್ನನ್ನು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಮತ್ತೆ ಹೋಗ್ಲಿಕ್ಕೆ ಮನಸ್ಸೇ ಬರ್ಲಿಲ್ಲ."

ರೈಗಳು ಬಾಗಿಲ ಬಳಿಯಿದ್ದ ಅವಳ ಕೊಡೆಯನ್ನು ಕೈಗೆತ್ತಿಕೊಂಡರು. ಹಮೀದಾಕ ಮೆಲ್ಲನೆ, "ಈಗ ಹೋಗುವ. ನಮ್ಮ ಗಾಡಿ ಉಂಟಲ್ಲ" ಎಂದರು. ನಾನು ಸ್ಟೀವನ್‌ಗೆ ಫೋನ್ ಮಾಡಿದೆ. "ಕರ್ಕೊಂಡು ಬನ್ನಿ, ತುರ್ತು ಮಂಚ ಒಂದು ಖಾಲಿ ಇಟ್ಟಿರ್ತೇನೆ. ಡಾಕ್ಟರಿಗೂ ಹೇಳ್ತೇನೆ" ಎಂದರು. ಆ ಸಂಜೆ ಯಂತ್ರ ಅವಳ ಮೈಯ ನೀರು ಎಳೆಯುತ್ತಿದ್ದಂತೆ ಉಸಿರು ಸಲೀಸಾಗುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ರೈಗಳು ಮಧ್ಯಾಹ್ನ ಊಟ ಮಾಡಿದ್ರಾ?" ಎಂದು.

ಮರುದಿನ ನಾನು ಭಟ್ಟರ ಎದುರು ಕುಳಿತೆ. ಈ ಮೂವರನ್ನು ಒಟ್ಟಿಗೆ ಇಡುವಂತೆ ತಂತ್ರಾಂಶವನ್ನು ಬದಲಿಸಬೇಕು ಎಂದೆ. ಅವರು ಕನ್ನಡಕ ತೆಗೆದಿಟ್ಟರು.

"ನೋಡಮ್ಮ, ಹತ್ತು ವರ್ಷದ ಹಿಂದೆ ನಾವು ಒಂದು ತಂತ್ರಾಂಶ ಮಾಡಿಸಿದ್ದೆವು. ಒಬ್ಬರಿಗೆ ಹೀಗೆ ಬೇಕು, ಇನ್ನೊಬ್ಬರಿಗೆ ಹಾಗೆ ಬೇಕು ಅಂತ ತೇಪೆ ಮೇಲೆ ತೇಪೆ. ಬರೆದ ಹುಡುಗ ಕತಾರಿಗೆ ಹೋದ. ಆಮೇಲೆ ಅದನ್ನು ಮುಟ್ಟುವವರಿಲ್ಲ. ಅದಕ್ಕೇ ಈ ಸಲ ಸಿದ್ಧಪಡಿಸಿದ್ದನ್ನೇ ಬಾಡಿಗೆಗೆ ತಂದದ್ದು. ಬಾಡಿಗೆ ಮನೆಯ ಗೋಡೆ ಒಡೀಲಿಕ್ಕೆ ಆಗ್ತದಾ?"

ಅವರ ಮಾತಿನಲ್ಲಿ ಹುರುಳಿತ್ತು. "ಗೋಡೆ ಒಡೆಯುವುದು ಬೇಡ ಸರ್. ಒಳಗೆ ಎಲ್ಲಾದರೂ ಬಾಗಿಲು ಉಂಟಾ ಅಂತ ಕೇಳಿ ನೋಡ್ತೇನೆ" ಎಂದೆ. ಅವರು ತಡೆಯಲಿಲ್ಲ. "ಸೂಜಿ ಚುಚ್ಚಿಸಿಕೊಳ್ಳುವಾಗ ಒಬ್ಬ ಮನುಷ್ಯ ಪಕ್ಕದಲ್ಲಿ ಇರಬೇಕು ಅನ್ನುವುದು ನನಗೂ ಗೊತ್ತಾಗ್ತದೆ" ಎಂದಷ್ಟೇ ಹೇಳಿ ಕನ್ನಡಕ ಹಾಕಿಕೊಂಡರು.

ಕಂಪೆನಿಯ ಕಡೆಯಿಂದ ನಮಗೆ ಸಹಾಯಕ್ಕೆ ಇದ್ದವನು ಹುಬ್ಬಳ್ಳಿಯ ಬಸವರಾಜ. ಅವನನ್ನು ನಾನು ಇವತ್ತಿಗೂ ಮುಖತಃ ನೋಡಿಲ್ಲ. ನನ್ನ ಕನ್ನಡ ಅವನಿಗೆ ಪಾಠ ಓದಿದಂತೆ ಕೇಳಿಸುತ್ತಿತ್ತಂತೆ. ಅವನದ್ದು ನನಗೆ ಅರ್ಧ ಅರ್ಥವಾಗುತ್ತಿತ್ತು.

"ಅದು ಆಗಂಗಿಲ್ರೀ ಮೇಡಂ" ಎಂದ ಮೊದಲಿಗೆ. "ನಿಮಗೊಬ್ಬರಿಗೆ ಬದಲ ಮಾಡಿದ್ರ ಎಲ್ಲಾ ಆಸ್ಪತ್ರೀಗೂ ಬದಲ ಆಗತೈತ್ರಿ. ಎಲ್ಲಾರೂ ಬಳಸೂದು ಒಂದ ಸಾಫ್ಟ್‌ವೇರ್."

ನಾನು ಲಲಿತಕ್ಕನ ಕಥೆಯನ್ನು ಹೇಳಿದೆ. ಬಸ್ ನಿಲ್ದಾಣದಲ್ಲಿ ಬಿದ್ದದ್ದು, ಯಾರೋ ಹಾಗೆ ಅಂದದ್ದು, ಎಲ್ಲ. ಆಮೇಲೆ, "ತಡೀರಿ ಮೇಡಂ, ನೋಡೂಣು" ಎಂದ. ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. ಮಕ್ಕಳ ಆಸ್ಪತ್ರೆಗಳಿಗೆಂದು ಅದರಲ್ಲಿ ಒಂದು ಸೌಲಭ್ಯ ಇತ್ತಂತೆ: ಅಣ್ಣ ತಂಗಿಯರಿಗೆ ಲಸಿಕೆಯ ದಿನ ಒಂದೇ ಬರುವಂತೆ ಅವರನ್ನು ಒಂದು ಕುಟುಂಬ ಎಂದು ಕಟ್ಟುವುದು. ನಮ್ಮಂಥ ಕೇಂದ್ರಗಳಿಗೆ ಅದು ಬೇಡವೆಂದು ಮುಚ್ಚಿಟ್ಟಿದ್ದರು. "ನಿಮಗ ತಗದು ಕೊಡ್ತೀನ್ರಿ. ಆದ್ರ ಅದು ಕುಟುಂಬದ ಯಜಮಾನ್ರ ಹೆಸರು ಕೇಳತೈತಿ. ಅದಿಲ್ಲಂದ್ರ ಮುಂದಕ್ಕ ಹೋಗಂಗಿಲ್ಲ."

ಮೂವರನ್ನೂ ಕೂರಿಸಿಕೊಂಡು ನಾನು ಆ ಪುಟ ತೆರೆದೆ. ಯಜಮಾನರು ಯಾರು?

"ರೈಗಳನ್ನೇ ಹಾಕಿ. ಹಿರಿಯರು" ಎಂದರು ಹಮೀದಾಕ.

"ಗಾಡಿ ನಿಮ್ಮದು. ನೀವೇ ಯಜಮಾನರು" ಎಂದರು ರೈಗಳು. ಸ್ವಲ್ಪ ಹೊತ್ತು ಹೀಗೇ ನಡೆಯಿತು. ಕೊನೆಗೆ ರೈಗಳೇ ಮೇಜು ತಟ್ಟಿದರು. "ಎಂತ ಮಾರಾಯ್ರೆ ಇದು! ನಮ್ಮದು ಅಳಿಯಕಟ್ಟು. ಕುಟುಂಬ ಅಂದ್ರೆ ಹೆಂಗಸಿನ ಹೆಸರಿನಲ್ಲಿ. ಲಲಿತಳನ್ನು ಹಾಕು. ಅವಳು ಯಜಮಾನ್ತಿ, ನಾವಿಬ್ಬರು ಅಣ್ಣಂದಿರು."

"ಅಯ್ಯೋ, ನಾನಾ?" ಎಂದು ಲಲಿತಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಗು ತಡೆಯಲು ಆಗಲಿಲ್ಲ ಅವಳಿಗೆ. ನಾನು ಟೈಪ್ ಮಾಡಿದೆ. ಸಂಬಂಧ: ಅಣ್ಣ. ಸಂಬಂಧ: ಅಣ್ಣ. ಒಂದು ಕ್ಷಣ ಪರದೆ ಯೋಚಿಸುವಂತೆ ಮಾಡಿ ಮೂವರಿಗೂ ಬಂಟ್ವಾಳ, ಬೆಳಗ್ಗಿನ ಪಾಳಿ ಎಂದಿತು.

ಭಟ್ಟರು ನೋಡಿ ಒಂದು ತಕರಾರು ತೆಗೆದರು. ಸರ್ಕಾರದ ಯೋಜನೆಗೂ ಕುಟುಂಬದ ವಿವರ ಹೋಗುತ್ತದೆ, ಇದು ಅದಕ್ಕೆ ಸೇರಿದರೆ ಸುಳ್ಳು ಬರೆದಂತೆ. ನಿಜವೇ. ಬಸವರಾಜ ಯೋಜನೆಗೆ ವಿವರ ಹೋಗುವ ಆ ಕೊಂಡಿಯನ್ನು ಕಡಿದ, 'ಕುಟುಂಬ' ಎಂಬ ಶೀರ್ಷಿಕೆಯನ್ನೂ ಬದಲಿಸಿಕೊಟ್ಟ. ಶಬ್ದ ಬದಲಿಸುವುದಕ್ಕೆ ಗೋಡೆ ಒಡೆಯಬೇಕಾಗಿರಲಿಲ್ಲ. ಏನು ಬರೆಯಲಿ ಎಂದು ಕೇಳಿದ. 'ಜೊತೆಯಲ್ಲಿ ಬರುವವರು' ಎಂದೆ.

ಸುದ್ದಿ ಹರಡಿತು. ಒಂದೇ ಬಸ್ಸಿನಲ್ಲಿ ಬರುವ ಕಲ್ಲಡ್ಕದವರು, ತಾಯಿಯನ್ನು ಕರೆತರುವ ಮಗಳ ಕೆಲಸಕ್ಕೆ ಅಡ್ಡಿಯಾಗದ ಹೊತ್ತು ಕೇಳಿದವರು, ಗಲಾಟೆ ಮಾಡುವ ರೈಗಳ ಪಾಳಿಯಲ್ಲಿ ಮಾತ್ರ ಬೇಡ ಎಂದವರು, ಹೀಗೆ ಒಬ್ಬೊಬ್ಬರೇ ಬಂದರು. ಎಲ್ಲರಿಗೂ ಆಗಲಿಲ್ಲ. ಆದಷ್ಟು ಮಾಡಿದೆವು. ಪರದೆಯ ಮೇಲೆ ಕೆಂಪು ಹೆಸರುಗಳು ವಾರ ವಾರ ಕಡಿಮೆಯಾದವು. ಭಟ್ಟರು ಅದನ್ನು ನೋಡಿ ಮರುದಿನ ಎಲ್ಲರಿಗೂ ನೀರುದೋಸೆ ತರಿಸಿದರು.

ಆಟಿ ತಿಂಗಳ ಕೊನೆಗೆ, ಆಗಸ್ಟಿನಲ್ಲಿ, ನದಿ ಏರಿತು. ಘಟ್ಟದ ಮೇಲೆ ಎರಡು ದಿನ ಬಿಡದೆ ಸುರಿದ ಮಳೆ ಬಂಟ್ವಾಳ ಪೇಟೆಯೊಳಗೆ ಕೆಂಪು ನೀರಾಗಿ ಬಂತು. ನಾನು ತಲುಪುವಾಗ ಕೇಂದ್ರದ ಮೆಟ್ಟಿಲು ಮುಳುಗಿತ್ತು. ಸ್ಟೀವನ್ ಪ್ಯಾಂಟು ಮಡಚಿ ನೀರು ಶುದ್ಧ ಮಾಡುವ ಯಂತ್ರದ ಮೋಟರನ್ನು ಮೇಲೆತ್ತಿಸುತ್ತಿದ್ದರು. ಸುತ್ತ ಎಲ್ಲೆಲ್ಲೂ ನೀರು, ಡಯಾಲಿಸಿಸ್‌ಗೆ ಬೇಕಾದ ನೀರು ಮಾತ್ರ ಇಲ್ಲ. ಕರೆಂಟೂ ಇಲ್ಲ. ಹೊರಗೆ ಎತ್ತರದ ಜಗಲಿಯಲ್ಲಿ ರೋಗಿಗಳು ಕೊಡೆ ಹಿಡಿದು ಕೂತಿದ್ದರು. ಹಿಂದಿನ ಮಳೆಗಾಲಗಳಲ್ಲಿ ಇಂಥ ದಿನ ಬಂದರೆ ನೀರು ಇಳಿಯುವವರೆಗೆ ಕಾಯುವುದು, ಇಲ್ಲವೇ ಮಂಗಳೂರಿಗೆ ಓಡುವುದು, ಎರಡೇ ದಾರಿ.

ನಾನು ಜಗಲಿಯ ಮೇಲೆ ಕೂತು ಮೊಬೈಲಿನಲ್ಲೇ ತಂತ್ರಾಂಶ ತೆರೆದೆ. ಬಂಟ್ವಾಳ ಕೇಂದ್ರ ಮುಚ್ಚಿದೆ ಎಂದು ಗುರುತು ಹಾಕಿದ್ದೇ, ಅದು ಎಲ್ಲರನ್ನೂ ಬೆಳ್ತಂಗಡಿ, ಮೂಡುಬಿದಿರೆಗಳ ಖಾಲಿ ಮಂಚಗಳಿಗೆ ಹಂಚತೊಡಗಿತು. ಜೊತೆಯಲ್ಲಿ ಬರುವವರನ್ನು ಒಡೆಯದೆ ಹಂಚಿತು. ಬೆಳ್ತಂಗಡಿ ಬೇಗ ತುಂಬಿತು. ಮಾಣಿಯ ಟೀಮಿಗೆ ಮೂಡುಬಿದಿರೆ.

ಬೈಪಾಸ್ ಹಿಡಿದು ಸಿದ್ಧಕಟ್ಟೆ ಮಾರ್ಗದಲ್ಲಿ ನಾನೂ ಅದೇ ಓಮ್ನಿಯಲ್ಲಿ ಹೋದೆ. ಅಲ್ಲಿಯ ನರ್ಸ್ ಲಲಿತಕ್ಕನ ಮುಖ ನೋಡಿದ್ದು ಅದೇ ಮೊದಲು. ಆದರೂ ಪರದೆ ನೋಡಿ, "ಲಲಿತಕ್ಕ, ನೀರು ತೆಗೆದು ನಿಮ್ಮ ತೂಕ ನಲ್ವತ್ತಾರಕ್ಕೆ ಇಳಿಸ್ಬೇಕಲ್ವಾ? ಸೂಜಿ ಎಡಗೈಗಾ?" ಎಂದು ಕೇಳಿದಳು. ಲಲಿತಕ್ಕ ನನ್ನತ್ತ ತಿರುಗಿದಳು. "ಇಷ್ಟು ದೂರಕ್ಕೆ ನನ್ನ ತೂಕ ಯಾರು ಹೇಳಿದ್ದು?"

"ಮೋಡ ಹೇಳಿದ್ದು" ಎಂದರು ಹಮೀದಾಕ ಪಕ್ಕದ ಮಂಚದಿಂದ.

ಸಂಜೆಗೆ ಬಂಟ್ವಾಳದ ಕಡೆಯ ಮಾರ್ಗ ಬಂದ್ ಆಯಿತು. ಮೂವರನ್ನೂ ಲತೀಫ್‌ನನ್ನೂ ಪುತ್ತಿಗೆಯ ನಮ್ಮ ಮನೆಗೇ ಕರೆದುಕೊಂಡು ಹೋದೆ. ನನ್ನ ಅಮ್ಮ ಕೆಸುವಿನ ಎಲೆಯ ಪತ್ರೊಡೆ ಮಾಡಿಟ್ಟಿದ್ದಳು. ಇವರಿಗೆ ಸೊಪ್ಪು ಆಗದು, ಉಪ್ಪು ಆಗದು, ನೀರೂ ಅಳತೆಯದ್ದು ಎಂದು ತಿಳಿದಾಗ ಅವಳಿಗೆ ಅಳುವೇ ಬಂತು. "ಮನೆಗೆ ಬಂದವರಿಗೆ ಉಪ್ಪಿಲ್ಲದ ಊಟ ಬಡಿಸುವುದು ಹೇಗೆ?" ಲಲಿತಕ್ಕ ತಾನೇ ಒಲೆಯ ಬಳಿಗೆ ಹೋಗಿ ಮಣೆ ಎಳೆದುಕೊಂಡು ಕೂತಳು. ಮೈಗೆ ಆಗದ್ದು ನೀರಿನಲ್ಲಿ ಹೋಗಲೆಂದು ತರಕಾರಿಯನ್ನು ಸಣ್ಣಗೆ ಕೊಚ್ಚಿ, ಬೇಯಿಸಿ, ನೀರು ಬಸಿದು, ಮತ್ತೆ ಬೇಯಿಸುವುದನ್ನು ಅಮ್ಮನಿಗೆ ತೋರಿಸಿದಳು. ಆ ಹೊತ್ತಿನ ಊಟಕ್ಕೆ ನಮ್ಮ ಮನೆಯವರೆಲ್ಲರಿಗೂ ಉಪ್ಪಿಲ್ಲ ಎಂದು ಅಮ್ಮ ಘೋಷಿಸಿದಳು. ಅಪ್ಪ ಒಂದು ತುತ್ತು ಬಾಯಿಗಿಟ್ಟು ಸೂರು ನೋಡಿದರು. "ಹೇಗುಂಟು?" ಎಂದು ರೈಗಳು ಕೇಳಿದರೆ, "ತುಂಬ ಶುದ್ಧವಾಗಿ ಉಂಟು" ಎಂದರು. ಹಮೀದಾಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಮಾಜಿಗೆಂದು ಅವರಿಗೆ ಚಾವಡಿಯ ಮೂಲೆಯಲ್ಲಿ ಅಮ್ಮ ಹೊಸ ಚಾಪೆ ಹಾಸಿಕೊಟ್ಟಳು. ಎರಡು ದಿನ ಇದ್ದರು. ಹೊರಡುವಾಗ ಅಮ್ಮ ಲಲಿತಕ್ಕನಿಗೆ ಕುಂಕುಮ ಹಚ್ಚಲು ಹೋಗಿ, ಅವಳು ವಿಧವೆ ಎಂದು ನೆನಪಾಗಿ ಒಂದು ಗಳಿಗೆ ನಿಂತಳು. ಆಮೇಲೆ ಹಚ್ಚಿಯೇ ಬಿಟ್ಟಳು.

ನೀರು ಇಳಿಯಿತು. ಕೇಂದ್ರವನ್ನು ತೊಳೆದು ಒರೆಸಿ ಮತ್ತೆ ತೆರೆದೆವು. ಚೌತಿ ಕಳೆಯಿತು, ಮಳೆ ಬಿಡುವು ಕೊಡುತ್ತಾ ಬಂತು. ನನ್ನನ್ನು ಮೂಡುಬಿದಿರೆಗೆ ವಾಪಸ್ ಕರೆಸಿಕೊಳ್ಳುವ ಆದೇಶವೂ ಬಂತು. ಬಂಟ್ವಾಳದಲ್ಲಿ ನನ್ನ ಕೊನೆಯ ವಾರದ ಒಂದು ಬೆಳಿಗ್ಗೆ ಕಂಪ್ಯೂಟರ್ ತೆರೆದರೆ, ತಂತ್ರಾಂಶ ಹೊಸ ರೂಪಕ್ಕೆ ಬದಲಾಗಿದೆ ಎಂಬ ಸೂಚನೆ. ಬಾಡಿಗೆ ಮನೆಯ ಗುಣವೇ ಅದು. ಮಾಲೀಕರು ಬಣ್ಣ ಹೊಡೆದರೆ ಎಲ್ಲ ಬಾಡಿಗೆದಾರರ ಗೋಡೆಗೂ ಬಣ್ಣ. ಏನೇನು ಬದಲಾಗಿದೆ ಎಂದು ನೋಡುತ್ತಿರುವಾಗಲೇ ಬಸವರಾಜನ ಫೋನ್ ಬಂತು.

"ಮೇಡಂ, ನೋಡಿದ್ರೇನ್ರಿ? ನಿಮ್ಮ 'ಜೊತೆಯಲ್ಲಿ ಬರುವವರು' ಈಗ ಎಲ್ಲಾ ಕಡೆ ಐತ್ರಿ. ನಮ್ಮ ಸಾಫ್ಟ್‌ವೇರ್ ಬಳಸೋ ಅಷ್ಟೂ ಡಯಾಲಿಸಿಸ್ ಸೆಂಟರಿಗೆ. ಕುಟುಂಬದ್ದು ಬ್ಯಾರೆ, ಇದು ಬ್ಯಾರೆ ಮಾಡೇವಿ. ಯಜಮಾನ್ರ ಹೆಸರು ಕೇಳೂದಿಲ್ಲ ಈಗ."

ನಾನು ಒಳಗೆ ಓಡಿದೆ. ಮೂವರಿಗೂ ಆಗಷ್ಟೇ ಸೂಜಿ ಹಾಕಿ ಆಗಿತ್ತು. ಹೇಳಿದೆ. ಎಲ್ಲೆಲ್ಲಿಯೋ, ನಾವು ನೋಡದ ಊರುಗಳಲ್ಲಿ, ಲಲಿತಕ್ಕನ ದೆಸೆಯಿಂದ ರೋಗಿಗಳನ್ನು ಇನ್ನು ಮುಂದೆ ಒಟ್ಟಿಗೆ ಕರೆಯಬಹುದು ಎಂದೆ. ರೈಗಳು ಮಲಗಿದಲ್ಲಿಂದಲೇ "ಭಲೇ ಯಜಮಾನ್ತಿ!" ಎಂದು ಕೂಗಿದರು, ಆಚೆ ಕೊನೆಯ ಮಂಚದವರೂ ತಲೆ ಎತ್ತಿ ನೋಡಿದರು.

ಲಲಿತಕ್ಕ ನಿಜವಾಗಿಯೂ ತಿಳಿಯಬೇಕು ಎಂಬಂತೆ ನನ್ನನ್ನು ಕೇಳಿದಳು:

"ಆದರೆ ಮಗಾ, ಅವರಿಗೆಲ್ಲ ಹಮೀದಾಕನ ಹಾಗೆ ಯಾರಾದ್ರೂ ಉಂಟಾ?"

ಹಮೀದಾಕ ಕೈಯ ಸೂಜಿ ಅಲುಗದಂತೆ ಮುಖವನ್ನು ನಿಧಾನವಾಗಿ ಕಿಟಕಿಯ ಕಡೆ ತಿರುಗಿಸಿಕೊಂಡರು.